ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಬೇರೆ ಯಾರೋ ಬೀಗ ಜಡಿದಾಗ ನಾನು ಮಾಡಿದ್ದು

ಶಿರಸಿಯಲ್ಲಿ ನಾನು ಕೆಲವು ಸ್ವಸಹಾಯ ಸಂಘಗಳ ಲೆಕ್ಕ ಬರೆಯುತ್ತೇನೆ. ಅದಕ್ಕೆಂದೇ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ತಂದಿದ್ದೆ. ಯಾವುದೋ ಕಂಪನಿಯವರು ಬಳಸಿ ಬಿಟ್ಟದ್ದು, ಇಂಟೆಲ್‌ನ ಆರನೇ ಜನರೇಶನ್ ಐ5 ಪ್ರೊಸೆಸರಿನದು. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಆನ್ ಮಾಡಿದರೆ, ಪಾಸ್‌ವರ್ಡ್ ಕೇಳುವ ಮೊದಲೇ ಇಂಗ್ಲಿಷಿನಲ್ಲಿ ಒಂದು ನೋಟಿಸ್ ಬಂತು: ಲ್ಯಾಪ್‌ಟಾಪ್ ಲಾಕ್ ಆಗಿದೆ, ತೆರೆಯಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ. ಓಕೆ ಒತ್ತಿ ನನ್ನ ಪಾಸ್‌ವರ್ಡ್ ಹಾಕಿದೆ. ತಪ್ಪು ಅಂತು.

ಆ ನಂಬರಿಗೆ ಫೋನ್ ಮಾಡಲಿಲ್ಲ. ಹಣ ಕೊಟ್ಟ ಮೇಲೆ ತೆರೆದುಕೊಡುತ್ತಾರೆ ಅಂತ ಏನು ಖಾತ್ರಿ? ಪರದೆಯ ಫೋಟೊ ತೆಗೆದುಕೊಂಡೆ, ಮನೆಯ ವೈಫೈ ಬಂದ್ ಮಾಡಿದೆ, ಲ್ಯಾಪ್‌ಟಾಪ್ ಆಫ್ ಮಾಡಿ ಬದಿಗಿಟ್ಟೆ.

ಮೊದಲು ಕೈಗೆತ್ತಿಕೊಂಡಿದ್ದು ಮೊಬೈಲನ್ನು. ಲ್ಯಾಪ್‌ಟಾಪ್ ಎರಡು ದಿನ ಮುಚ್ಚಿದ್ದರೂ ನಡೆಯುತ್ತದೆ. ಆದರೆ ಅದರ ಬ್ರೌಸರಿನಲ್ಲಿ ನನ್ನ ಜೀಮೇಲ್ ತೆರೆದೇ ಇತ್ತು, ವಾಟ್ಸಾಪ್ ಕೂಡ. ಒಳಗೆ ಬಂದವರು ಅಲ್ಲಿಂದ ಏನು ಬೇಕಾದರೂ ಮಾಡಬಹುದಲ್ವಾ? ಮೊಬೈಲಿನಲ್ಲೇ ಜೀಮೇಲ್ ಪಾಸ್‌ವರ್ಡ್ ಬದಲಿಸಿದೆ, ಸೆಕ್ಯುರಿಟಿ ಪುಟಕ್ಕೆ ಹೋಗಿ ಲ್ಯಾಪ್‌ಟಾಪನ್ನು ಸೈನ್ ಔಟ್ ಮಾಡಿದೆ, ಎರಡು ಹಂತದ ಪರಿಶೀಲನೆ ಹಾಕಿದೆ. ಬ್ರೌಸರಿನಲ್ಲಿ ಸೇವ್ ಆಗಿದ್ದ ಬೇರೆ ಪಾಸ್‌ವರ್ಡ್‌ಗಳನ್ನೂ ಬದಲಿಸಿದೆ, ನೆಟ್ ಬ್ಯಾಂಕಿಂಗಿನದು ಎಲ್ಲಕ್ಕಿಂತ ಮೊದಲು. ನಿಮ್ಮ ರಿಕವರಿ ನಂಬರನ್ನೇ ಕಳ್ಳರು ಬದಲಿಸಿಬಿಟ್ಟಿದ್ದರೆ ಗಾಬರಿ ಬೇಡ. ಹಳೆಯ ನಂಬರಿನಿಂದ ಖಾತೆ ವಾಪಸ್ ಪಡೆಯಲು ಗೂಗಲ್ 7 ದಿನ ಅವಕಾಶ ಕೊಡುತ್ತದೆ. ತಡ ಮಾಡಬಾರದು, ಅಷ್ಟೇ.

ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ಅಂತ ಇದೆಯಲ್ಲ, ಅಲ್ಲಿಂದಲೂ ಲ್ಯಾಪ್‌ಟಾಪನ್ನು ಲಾಗ್ ಔಟ್ ಮಾಡಿದೆ. ಸಂಘದ ಗುಂಪಿಗೆ ಧ್ವನಿ ಸಂದೇಶ ಕಳಿಸಿದೆ: "ಅಕ್ಕಾ, ನನ್ನ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನನಗೇ ಫೋನ್ ಮಾಡಿ ಕೇಳಿ." ನಮ್ಮ ಸಂಘದವರು ಕೂಲಿ ಮಾಡಿ, ಅಡಿಕೆ ಸುಲಿದು ಉಳಿಸಿದ ದುಡ್ಡು ಅದು. ನನ್ನ ಹೆಸರು ನಂಬಿ ಒಬ್ಬರು ಸಾವಿರ ರೂಪಾಯಿ ಕಳೆದುಕೊಂಡರೂ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ರಿಪೇರಿ ಅಂಗಡಿಯ ಹುಡುಗ ನೋಡಿದ ಕೂಡಲೇ ಹೇಳಿದ: "ಅಕ್ಕಾ, ಸುಮ್ನೆ ಫಾರ್ಮ್ಯಾಟ್ ಹೊಡೆದುಬಿಡೋಣ." ಫಾರ್ಮ್ಯಾಟ್ ಆಗಲೇಬೇಕಿತ್ತು, ನಿಜ. ಆದರೆ ಅದಕ್ಕೂ ಮೊದಲು ಲೆಕ್ಕದ ಫೈಲುಗಳು ಹೊರಗೆ ಬರಬೇಕಲ್ಲ. "ಹಾಗಾದರೆ ಪಾಸ್‌ವರ್ಡ್ ಮಾತ್ರ ತೆಗೆದುಕೊಡಲಾ?" ಅಂದ. ಅದೂ ಬೇಡ ಅಂದೆ. ಪಾಸ್‌ವರ್ಡ್ ತೆಗೆದರೆ ನಾನು ಒಳಗೆ ಹೋಗುತ್ತೇನೆ, ಆದರೆ ಅವರು ಹೊರಗೆ ಹೋಗುವುದಿಲ್ಲ. ಹಳೇ ಬಾಡಿಗೆಯವರ ಹತ್ತಿರ ಇನ್ನೊಂದು ಬೀಗದ ಕೈ ಉಳಿದಿರುವ ಮನೆಯ ಹಾಗೆ.

ಫೈಲ್ ತೆಗೆಯಲು ಹಿಡಿದ ದಾರಿ ಇದು. ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟನ್ನು ಭಾವನ ಲ್ಯಾಪ್‌ಟಾಪಿನಲ್ಲಿ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಶುರುವಾಗುವಂತೆ ಮಾಡುವ ರೂಫಸ್ ಎಂಬ ಸಾಫ್ಟ್‌ವೇರ್ ಮೂಲಕ 8 ಜಿಬಿ ಪೆನ್‌ಡ್ರೈವಿಗೆ ಹಾಕಿದೆ. ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದೇ ಬಳಸಿ. ನನ್ನ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿ, ಆನ್ ಮಾಡುವಾಗ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿದೆ. ಕೆಲವು ಕಂಪನಿಯವುಗಳಲ್ಲಿ ಎಫ್9 ಅಥವಾ ಎಸ್ಕೇಪ್ ಇರುತ್ತದೆ. ಆಗ ವಿಂಡೋಸ್ ಶುರುವಾಗುವುದೇ ಇಲ್ಲ. ಹಾಗಾಗಿ ಅದಕ್ಕೆ ಹಾಕಿದ ಪಾಸ್‌ವರ್ಡ್ ಕೂಡ ಅಡ್ಡ ಬರುವುದಿಲ್ಲ. ಮಿಂಟ್ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಒಳಗಿನ ಡಿಸ್ಕ್ ಒಂದು ಫೋಲ್ಡರಿನಂತೆ ಕಾಣುತ್ತದೆ.

ನನ್ನ ಡಿಸ್ಕ್ ತೆರೆದುಕೊಂಡಿತು, ಇಡೀ ಡಿಸ್ಕಿಗೇ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿರಲಿಲ್ಲ. ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಆ ಕೀ ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ, ಮೊಬೈಲಿನಿಂದ ನೋಡಿಕೊಳ್ಳಬಹುದು.

ಯೂಸರ್ಸ್ ಫೋಲ್ಡರಿನಲ್ಲಿ ನನ್ನ ಹೆಸರಿನ ಜೊತೆ ಗೊತ್ತೇ ಇಲ್ಲದ ಇನ್ನೊಂದು ಹೆಸರು ಇತ್ತು. ಪ್ರೋಗ್ರಾಂ ಫೈಲ್ಸ್ ಒಳಗೆ ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಸಾಫ್ಟ್‌ವೇರ್. ಅದರ ತಾರೀಖು ನಾನು ಖರೀದಿ ಮಾಡಿದ್ದಕ್ಕಿಂತ ಹಿಂದಿನದು. ಅವರು ಬಂದ ದಾರಿ ಇದೇ ಅಂತ ನನ್ನ ನಂಬಿಕೆ. ಅವೆರಡನ್ನೂ ಫೋಟೊ ತೆಗೆದಿಟ್ಟೆ.

ಲೆಕ್ಕದ ಎಕ್ಸೆಲ್ ಫೈಲು, ಪತ್ರಗಳು, ಫೋಟೊಗಳನ್ನು ಮಾತ್ರ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆ. ಇನ್‌ಸ್ಟಾಲ್ ಮಾಡುವ ಫೈಲು ಒಂದನ್ನೂ ಮುಟ್ಟಲಿಲ್ಲ. ಮಧ್ಯೆ ಕರೆಂಟ್ ಹೋಯಿತು, ಶಿರಸಿಯ ಮಳೆಗಾಲ ಗೊತ್ತಲ್ಲ. ಆದ್ದರಿಂದ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಯೇ ಕೂತುಕೊಳ್ಳಿ. ಕಾಪಿ ಆದ ಮೇಲೆ ಭಾವನ ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಮಾಡಿ, ಒಂದೊಂದೇ ಫೈಲು ತೆರೆದು ನೋಡಿದೆ. ಇದಾಗದೆ ಹಳೆಯದನ್ನು ಅಳಿಸುವ ಧೈರ್ಯ ನನಗೆ ಬರಲಿಲ್ಲ.

ದೂರನ್ನು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದಾಖಲಿಸಿದೆ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಕಾರವಾರದಲ್ಲಿದೆ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗಿ ಹೀಗೆ ಮಾಡುವುದು ಐಟಿ ಕಾಯ್ದೆ 2000ರ 66ನೇ ಸೆಕ್ಷನ್ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಇದೆ. ಲ್ಯಾಪ್‌ಟಾಪ್ ನನ್ನದೇ ಅಂತ ತೋರಿಸಲು ಸೀರಿಯಲ್ ನಂಬರ್ ಇರುವ ಬಿಲ್ ಇತ್ತು. ವಿಂಡೋಸಿಗೂ ಮೊದಲು ಶುರುವಾಗುವ ಬಯೋಸ್‌ಗೇ ಪಾಸ್‌ವರ್ಡ್ ಬಿದ್ದು, ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬೇಕಾದರೂ ಕೇಳುವುದು ಅದೇ ಬಿಲ್ಲನ್ನು. ಸೆಕೆಂಡ್ ಹ್ಯಾಂಡ್ ಅಂತ ಬಿಲ್ ಬಿಡಬೇಡಿ.

ಆಮೇಲೆ ಡಿಸ್ಕ್ ಪೂರ್ತಿ ಅಳಿಸಿದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ನನ್ನದು ಆರನೇದು. ಹೀಗಾಗಿ ಮಿಂಟನ್ನೇ ಪೂರ್ತಿಯಾಗಿ ಹಾಕಿಕೊಂಡೆ. ನಿಮ್ಮದು ಹೊಸದಿದ್ದರೆ ವಿಂಡೋಸ್ ಸೆಟಪ್‌ನಲ್ಲಿ ಡಿಸ್ಕಿನ ಹಳೇ ಭಾಗಗಳನ್ನೆಲ್ಲ (ಪಾರ್ಟಿಷನ್) ಡಿಲೀಟ್ ಮಾಡಿ ಹೊಸದಾಗಿ ಹಾಕಿ. ಅಸಲಿ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿದ್ದರೆ ಅದೇ ಆವೃತ್ತಿ ತಾನಾಗಿ ಆಕ್ಟಿವೇಟ್ ಆಗುತ್ತದೆ. ಹೊಸದಾಗಿ ಹಾಕುವಾಗ ಯಾವುದೋ ಕಂಪನಿಯ ಹೆಸರು ತೋರಿಸಿ ಅವರ ಲಾಗಿನ್ ಕೇಳಿದರೆ, ಆ ಯಂತ್ರ ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದೆ ಎಂದರ್ಥ. ಅಂಥದ್ದನ್ನು ಮಾರಿದವರಿಗೇ ವಾಪಸ್ ಕೊಡಿ.

ಮಿಂಟ್‌ನಲ್ಲಿ ಕನ್ನಡ ಹೇಗಪ್ಪಾ ಅಂದುಕೊಂಡಿದ್ದೆ. ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ಇರುವ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ಸಿಕ್ಕಿತು, ನುಡಿ ಸಾಫ್ಟ್‌ವೇರಿನಲ್ಲಿ ರೂಢಿಯಾದ ಬೆರಳಿಗೆ ಏನೂ ಹೊಸದೆನಿಸಲಿಲ್ಲ. ಎಕ್ಸೆಲ್ ಫೈಲುಗಳು ಲಿಬ್ರೆ ಆಫೀಸಿನಲ್ಲಿ ತೆರೆದವು, ಒಂದೆರಡು ಕಡೆ ಕಾಲಮ್ಮಿನ ಅಗಲ ಸರಿಮಾಡಿಕೊಂಡೆ. ಈಗ ಸಂಘದ ಮೀಟಿಂಗ್ ಆದಾಗಲೆಲ್ಲ ಹಾರ್ಡ್ ಡಿಸ್ಕ್ ಜೋಡಿಸಿ ಲೆಕ್ಕ ಕಾಪಿ ಮಾಡುತ್ತೇನೆ, ಮುಗಿದ ಕೂಡಲೇ ಕಿತ್ತಿಡುತ್ತೇನೆ. ಯಾವಾಗಲೂ ಜೋಡಿಸಿಯೇ ಇಟ್ಟರೆ ಒಳಗೆ ನುಗ್ಗಿದವರ ಕೈಗೆ ಅದೂ ಸಿಗುತ್ತದೆ.