ಆರೇಳು ವಾರದ ಹಣ್ಣು, ಹನ್ನೆರಡು ತಿಂಗಳ ಶರಬತ್ತು

ಪುನರ್ಪುಳಿ ಶರಬತ್ತು ಮಾಡಿ ನಾಲ್ಕು ಅಂಗಡಿಗೆ ಕೊಡೋಣ ಅಂತ ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ರುಚಿಗೆ, ಲೇಬಲ್ಲಿಗೆ. ಏಟು ಬೀಳುವುದು ಬೇರೆ ಕಡೆ. ಮಂಗಳೂರು ಕಡೆ ಪುನರ್ಪುಳಿ, ಶಿರಸಿ ಕಡೆ ಮುರುಗಲು ಎನ್ನುವ ಈ ಹಣ್ಣು ಹೆಚ್ಚಾಗಿ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿದರೆ ಹಣ್ಣು ಕೊಳೆಯುತ್ತದೆ, ಒಣಗಿಸಲು ಬಿಸಿಲೂ ಇರುವುದಿಲ್ಲ. ಗಿರಾಕಿಗಳು ಕೇಳಿಕೊಂಡು ಬರುವುದು ಮುಂದಿನ ಫೆಬ್ರವರಿಗೆ. ಈ ನಡುವಿನ ತಿಂಗಳುಗಳನ್ನು ಸಂಭಾಳಿಸಿದವರೇ ಅಂಗಡಿಯ ಕಪಾಟಿನಲ್ಲಿ ಉಳಿಯುತ್ತಾರೆ.

ಲೆಕ್ಕವನ್ನು ಬಾಟಲಿಯಿಂದ ಹಿಂದಕ್ಕೆ ಹಾಕಿ. ಬೇಸಿಗೆಯ ನಾಲ್ಕು ತಿಂಗಳು ತಿಂಗಳಿಗೆ 600 ಬಾಟಲಿ, ಉಳಿದ ಎಂಟು ತಿಂಗಳು 150 ಅಂತ ಇಟ್ಟುಕೊಂಡರೆ ವರ್ಷಕ್ಕೆ 3,600. ಅದಕ್ಕೆ ಎಷ್ಟು ಹಣ್ಣು ಬೇಕು? ಯಾರನ್ನೂ ಕೇಳಬೇಡಿ. 10 ಕೆಜಿ ಹಣ್ಣು ತಂದು ಒಡೆದು, ಸಿಪ್ಪೆ ಎಷ್ಟು, ಬೀಜ ಎಷ್ಟು, ಒಣಗಿದ ಮೇಲೆ ಸಿಪ್ಪೆ ಎಷ್ಟು ಉಳಿಯಿತು ಎಂದು ತೂಗಿ ಗೋಡೆ ಮೇಲೆ ಬರೆದಿಡಿ. ಒಂದೊಂದು ಊರಿನ ಹಣ್ಣು ಒಂದೊಂದು ಥರ.

ಹಣ್ಣಿಗೆ ಒಬ್ಬರನ್ನೇ ನಂಬಬೇಡಿ. ನಾಲ್ಕೈದು ಮನೆಯವರ ಜೊತೆ ಮಾರ್ಚ್‌ನಲ್ಲೇ ಮಾತಾಡಿ, ತೂಗಿದ ದಿನವೇ ದುಡ್ಡು ಕೊಡಿ. ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೊಡುವ ವ್ಯಾಪಾರಿ ಬಂದರೂ, ಕೈಗೆ ಕಾಸು ಕೊಡುವವರನ್ನು ಜನ ಸುಲಭಕ್ಕೆ ಬಿಡುವುದಿಲ್ಲ. ಹಣ್ಣನ್ನು ಗೋಣಿಚೀಲಕ್ಕೆ ತುಂಬಿದರೆ ಅಡಿಯದು ಜಜ್ಜಿಹೋಗುತ್ತದೆ. ಕ್ರೇಟು ನೀವೇ ಕೊಡಿ.

ಇನ್ನು ಮುಖ್ಯವಾದದ್ದು. ಕೊಂಡ ಹಣ್ಣನ್ನೆಲ್ಲ ಮೇ ತಿಂಗಳಲ್ಲೇ ಶರಬತ್ತು ಮಾಡಿಡುವುದು ನಾವೆಲ್ಲ ಮೊದಲು ಮಾಡುವ ತಪ್ಪು. ಹಾಗೆ ಮಾಡಿದರೆ ಸಕ್ಕರೆ, ಬಾಟಲಿ, ಲೇಬಲ್ಲು ಎಲ್ಲದರ ದುಡ್ಡು ತಿಂಗಳುಗಟ್ಟಲೆ ಕೋಣೆಯಲ್ಲಿ ಸುಮ್ನೆ ಕೂರುತ್ತದೆ. ಮೇಲಿಂದ ಬೆಳಕು, ಸೆಕೆ ತಗುಲಿ ಆ ಚೆಂದದ ಕೆಂಪು ಕಂದಾಗುತ್ತದೆ. ಮಳೆಗಾಲ ಕಳೆಯುವಷ್ಟು ಮಾತ್ರ ಶರಬತ್ತು ಮಾಡಿ. ಉಳಿದ ಸಿಪ್ಪೆಯನ್ನು ಗರಿಗರಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ನೆಲದಿಂದ ಮೇಲೆ ಮಣೆಯ ಮೇಲಿಡಿ. ಆರ್ಡರ್ ಬಂದಂತೆ ನೆನೆಸಿ, ಸೋಸಿ, ಸಕ್ಕರೆ ಹಾಕಿ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಈ ಹುಳಿ ಅದನ್ನು ತಿನ್ನುತ್ತದೆ. ಸ್ಟೀಲೇ ಆಗಬೇಕು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಹಣ್ಣಿನ ಸಿರಪ್‌ಗೆ ಕನಿಷ್ಠ 65 ಬ್ರಿಕ್ಸ್ ಬೇಕು, ಅಂದರೆ ನೂರು ಗ್ರಾಂ ಪಾಕದಲ್ಲಿ ಸಕ್ಕರೆಯೇ ಮುಖ್ಯವಾದ ಕರಗಿದ ಅಂಶ ಸುಮಾರು 65 ಗ್ರಾಂ. ಅದನ್ನು ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿಗೆ ಒಂದು ಹನಿ ಹಾಕಿದರೆ ತಿಳಿಯುತ್ತದೆ. ಪ್ರತಿ ಸಲವೂ ನೋಡಿ. ಎಳೆ ಪಾಕ, ಬೆರಳಿನ ಅಂದಾಜು ಮನೆಗೆ ಸರಿ, ಮಾರಾಟಕ್ಕಲ್ಲ.

ಬಾಟಲಿ ವಿಷಯದಲ್ಲಿ ನಾನೇ ಏಟು ತಿಂದಿದ್ದೇನೆ. ಒಂದು ಮಾರ್ಚ್‌ನಲ್ಲಿ ಬಾಟಲಿ ಬಂತು, ಮುಚ್ಚಳ ಬರಲಿಲ್ಲ. ‘ನಾಳೆ ಕಳಿಸ್ತೀವಿ ಸಾರ್’ ಅಂತ ಹದಿನೈದು ದಿನ ಕಳೆಯಿತು. ಪಾಕ ಡ್ರಮ್ಮಿನಲ್ಲಿ, ಅಂಗಡಿಯವರ ಫೋನು ಕಿವಿಯಲ್ಲಿ. ಇಡೀ ಸರಕನ್ನು ನಿಲ್ಲಿಸಲು ಒಂದು ರೂಪಾಯಿಯ ಮುಚ್ಚಳ ಸಾಕು. ಈಗ ಎರಡು ಕಡೆಯಿಂದ ತರಿಸುತ್ತೇನೆ, ಒಂದು ತಿಂಗಳಿನದು ಯಾವಾಗಲೂ ಅಟ್ಟದ ಮೇಲಿರುತ್ತದೆ.

ಪ್ರತಿ ಪೆಟ್ಟಿಗೆಗೂ ಬ್ಯಾಚ್ ನಂಬರ್ ಹಾಕಿ. ಆ ನಂಬರಿಗೆ ಯಾವ ಮನೆಯ ಸಿಪ್ಪೆ, ಯಾವ ದಿನದ ಪಾಕ ಎಂಬುದು ಪುಸ್ತಕದಲ್ಲಿರಲಿ. ಒಂದು ಬಾಟಲಿ ಉಬ್ಬಿ ವಾಪಸ್ ಬಂದರೆ ಆ ಬ್ಯಾಚ್ ಮಾತ್ರ ತೆಗೆದರಾಯಿತು. ಹಳೆಯದು ಮೊದಲು ಹೋಗಲಿ.

ಬೆಲೆಯಲ್ಲಿ ಕೋಲಾ ಕಂಪನಿಗಳ ಜೊತೆ ಸೆಣಸಲು ಹೋಗಬೇಡಿ, ಆಗುವುದಿಲ್ಲ. ಅಂಗಡಿಯವರಿಗೆ ಬೇಕಾದ್ದು ಏಪ್ರಿಲ್‌ನ ಸುಡುಬಿಸಿಲಲ್ಲಿ ಕೇಳಿದ ಎರಡೇ ದಿನಕ್ಕೆ ಮಾಲು. ಸಾಲ ಎಷ್ಟು ದಿನ ಎಂಬುದನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ, ಯಾಕೆಂದರೆ ಅವರಿಂದ ದುಡ್ಡು ಬರಬೇಕಾದ ಹೊತ್ತಿಗೇ ನೀವು ಹಣ್ಣಿಗೆ ದುಡ್ಡು ಕೊಡಬೇಕು.

ಅಂದಹಾಗೆ, ಬೀಜ ಎಸೆಯಬೇಡಿ. ತೊಳೆದು ಒಣಗಿಸಿದರೆ ಮುರುಗಲು ತುಪ್ಪ ತೆಗೆಯುವವರು ಕೊಳ್ಳುತ್ತಾರೆ. ನಮ್ಮಲ್ಲಿ ಕ್ರೇಟಿನ ಖರ್ಚು ಹುಟ್ಟುವುದು ಅದರಲ್ಲೇ.