ಸದ್ದು ಮಾಡದ ‘ಕಿಕಿ’

ಸದ್ದಿಗೂ ಆಕಾರಕ್ಕೂ ಇರುವ ನಂಟನ್ನು ತೋರಿಸಲು ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ 1929ರಲ್ಲಿ ಬಳಸಿದ್ದು ಗೆರೆಚಿತ್ರಗಳನ್ನು. 2001ರಲ್ಲಿ ಸಂಶೋಧಕರಾದ ರಾಮಚಂದ್ರನ್ ಮತ್ತು ಹಬ್ಬರ್ಡ್ ‘ಬೂಬಾ’, ‘ಕಿಕಿ’ ಎಂಬ ಅರ್ಥವಿಲ್ಲದ ಪದಗಳೊಂದಿಗೆ ಮುಂದಿಟ್ಟದ್ದೂ ಚಿತ್ರಗಳನ್ನೇ. ದುಂಡನೆಯದು ಬೂಬಾ, ಮೊನಚಾದದ್ದು ಕಿಕಿ ಎಂದು ಬಹುಪಾಲು ಜನ ಹೇಳುತ್ತಾರೆ. ಇದನ್ನೇ ಬೆರಳುಗಳಿಂದ ಮುಟ್ಟಿಸಿ ಕೇಳಿದ 2014ರ ಅಧ್ಯಯನವೊಂದರಲ್ಲಿ ದೃಷ್ಟಿಯಿಲ್ಲದವರಲ್ಲಿ ಈ ನಂಟು ಸಡಿಲವಾಗಿ ಕಂಡಿತ್ತು. ಅಂಥದೇ ಪ್ರಯೋಗಕ್ಕೆ ವಸ್ತುಗಳನ್ನು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ, ಎರಡು ಆಕಾರಗಳನ್ನು 3ಡಿ ಮುದ್ರಣ ಯಂತ್ರದಲ್ಲಿ ಮುದ್ರಿಸಿ ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಮೊದಲ ತೊಡಕು ತೂಕದ್ದು. ಎರಡೂ ಆರು ಸೆಂಟಿಮೀಟರ್ ಅಗಲವಿದ್ದರೆ, ಮುಳ್ಳುಗಳ ನಡುವೆ ತಗ್ಗುಗಳಿರುವ ಮೊನಚು ವಸ್ತು ದುಂಡನೆಯದಕ್ಕಿಂತ ಹಗುರವಾಗುತ್ತದೆ. ಆಗ ಜನ ಆಕಾರವನ್ನು ಆರಿಸಿದರೋ ತೂಕವನ್ನು ಆರಿಸಿದರೋ ಎಂದು ತಿಳಿಯುವುದಿಲ್ಲ. ಹಗುರವಾದದ್ದರ ಹೊಟ್ಟೆಯನ್ನು ಪೊಳ್ಳು ಬಿಟ್ಟು, ಚಿಕ್ಕ ಉಕ್ಕಿನ ಗುಂಡುಗಳನ್ನು ತುಂಬಿ ತೂಕ ಸರಿಮಾಡಿದೆ. ಪೂರ್ವಪರೀಕ್ಷೆಗೆ ಬಂದ ಮೊದಲ ವ್ಯಕ್ತಿ ಅದನ್ನು ಕಿವಿಯ ಬಳಿ ಅಲುಗಾಡಿಸಿ, “ಇದು ಗಲಗಲ ಅನ್ನುತ್ತದೆ, ಇದೇ ಕಿಕಿ” ಎಂದರು. ಸದ್ದಿನ ಪ್ರಯೋಗಕ್ಕೆ ನಾನು ಗಿಲಕಿ ಮಾಡಿಟ್ಟಿದ್ದೆ!

ಎರಡನೆಯದು ಮೇಲ್ಮೈ. ಪದರದ ಮೇಲೆ ಪದರ ಕೂರಿಸುವ ಮುದ್ರಣದಲ್ಲಿ ಉಳಿಯುವ ಗೆರೆಗಳು ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಉಗುರಿಗೆ ಸಿಗುತ್ತವೆ, ಗೀರಿದರೆ ಕರಕರ ಎನ್ನುತ್ತವೆ. 120, 220, 400ನೇ ನಂಬರಿನ ಉಜ್ಜುಕಾಗದ ಹಿಡಿದು ತಿಕ್ಕಿದೆ. ದುಂಡನೆಯದು ಬೇಗ ನುಣುಪಾಯಿತು. ಮುಳ್ಳುಗಳ ಸಂದಿಗೆ ಬೆರಳು ಹೋಗದೆ ಅಲ್ಲೆಲ್ಲ ಒರಟು ಉಳಿಯಿತು, ತುದಿಗಳು ಮಾತ್ರ ಒಂದೊಂದು ಒಂದೊಂದು ಥರ ಸವೆದವು. ದುಂಡು-ಮೊನಚಿನ ಜೊತೆಗೆ ನುಣುಪು-ಒರಟು ಎಂಬ ಇನ್ನೊಂದು ವ್ಯತ್ಯಾಸವನ್ನೂ ನಾನೇ ತಂದಿಟ್ಟಂತಾಯಿತು.

ಕೊನೆಗೆ ಪ್ರತಿ ಆಕಾರದ ಒಂದೇ ಮೂಲಮಾದರಿಯನ್ನು, ತುದಿಗಳಿಗೆ ಒಂದು ಮಿಲಿಮೀಟರ್ ತ್ರಿಜ್ಯದ ದುಂಡು ಕೊಟ್ಟು, ಸಂದಿಗಳನ್ನು ಕಡ್ಡಿಗೆ ಸುತ್ತಿದ ಉಜ್ಜುಕಾಗದದಿಂದ ದಿನಗಟ್ಟಲೆ ತಿದ್ದಿ, ಅದರಿಂದ ಸಿಲಿಕೋನ್ ಅಚ್ಚು ತೆಗೆದು, ಹುಯ್ದ ಮೇಲೆ ಗಟ್ಟಿಯಾಗುವ ರೆಸಿನ್ ಎಂಬ ದ್ರವವನ್ನು ಹುಯ್ದೆ. ಅಚ್ಚು ಮಾದರಿಯ ಮೈಯನ್ನು ಹಾಗೆಯೇ ನಕಲು ಮಾಡುವುದರಿಂದ, ಆ ತಾಳ್ಮೆಯನ್ನು ಒಂದು ಸಲ ಖರ್ಚು ಮಾಡಿದರೆ ಸಾಕಾಯಿತು. ಗುಂಡುಗಳು ರೆಸಿನ್ನಿನಲ್ಲೇ ಹೂತು ಹೋದದ್ದರಿಂದ ಗಲಗಲವೂ ನಿಂತಿತು. ಮೊದಲ ಎರಕಗಳಲ್ಲಿ ಮುಳ್ಳಿನ ತುದಿಗೆ ಗಾಳಿಗುಳ್ಳೆ ಸಿಕ್ಕಿ ಮೊನೆಗಳೇ ಮೊಂಡಾಗಿದ್ದವು. ತುದಿಗಳಿಗೆ ಮೊದಲು ಸಣ್ಣ ಕುಂಚದಿಂದ ರೆಸಿನ್ ಸವರಿ, ಆಮೇಲೆ ಅಚ್ಚನ್ನು ವಾಲಿಸಿ ನಿಧಾನವಾಗಿ ಹುಯ್ದಾಗ ಸರಿಹೋಯಿತು.

ಈಗ ಎರಡೂ ವಸ್ತುಗಳು ಪರದೆಯ ಹಿಂದೆ ದಪ್ಪ ಉಣ್ಣೆಬಟ್ಟೆಯ ಮೇಲೆ ಕೂರುತ್ತವೆ. ಬರಿಯ ಮೇಜಿನ ಮೇಲೆ ಇಟ್ಟರೆ ಮುಳ್ಳಿನದು ಟಕ್ ಎನ್ನುತ್ತದೆ, ದುಂಡನೆಯದು ಉರುಳುತ್ತದೆ.