ಹರಾಜಿನ ದಿನದಿಂದ ಹಿಂದಕ್ಕೆ ಎಣಿಸಿ ಬರೆದ ಯೋಜನೆ

ನಾನು ಕೆಲಸ ಮಾಡುವುದು ಅಮೆರಿಕದ ಒಂದು ಚಿಕ್ಕ ರಾಜ್ಯದ ವಸತಿ ಸಂಸ್ಥೆಯಲ್ಲಿ. 2021ರ ಏಪ್ರಿಲ್‌ನಲ್ಲಿ ನಮ್ಮ ತಂಡಕ್ಕೆ ಒಂದು ಕೆಲಸ ಬಂತು. ಮನೆಸಾಲದ ಕಂತು ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಹಂತಕ್ಕೆ ಬಂದವರಿಗೆ ಸರ್ಕಾರದ ಹಣ ಯಾರಿಗೆ, ಎಷ್ಟು, ಹೇಗೆ ಕೊಡಬೇಕು ಅಂತ ಯೋಜನೆ ಬರೆದು ವಾಷಿಂಗ್ಟನ್ನಿನ ಖಜಾನೆ ಇಲಾಖೆಗೆ ಕಳಿಸಬೇಕು. ಆ ಯೋಜನೆಯ ಬಹುಪಾಲು ಪುಟಗಳನ್ನು ಬರೆಯಲು ಕೂತಿದ್ದು ನಾನೇ. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದ. ಭಾರತದಲ್ಲಿ ಬ್ಯಾಂಕಿನವರು ಫೋರ್‌ಕ್ಲೋಷರ್ ಅಂದರೆ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಿ ಮುಗಿಸುವುದು. ಇಲ್ಲಿ ಅದೇ ಪದಕ್ಕೆ ಕಂತು ಕಟ್ಟದವರ ಮನೆಯನ್ನು ಜಪ್ತಿ ಮಾಡಿ ಹರಾಜು ಹಾಕುವುದು ಅಂತ ಅರ್ಥ. ಕೆಲವು ರಾಜ್ಯಗಳಲ್ಲಿ ಕೋರ್ಟಿಗೆ ಹೋಗದೆ ನೋಟಿಸು ಕೊಟ್ಟೇ ಹರಾಜು ಹಾಕಬಹುದು. ನಮ್ಮಲ್ಲಿ ಕೋರ್ಟಿನ ಮೂಲಕವೇ ಆಗಬೇಕು. ಅದರಿಂದ ಸ್ವಲ್ಪ ಸಮಯ ಸಿಗುತ್ತದೆ.

ಹಣ ಬಂದದ್ದು 2021ರ ಮಾರ್ಚ್ 11ರಂದು ಸಹಿಯಾದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯಿಂದ. ಅದರೊಳಗೆ ಹೋಮ್‌ಓನರ್ ಅಸಿಸ್ಟೆನ್ಸ್ ಫಂಡ್ ಅಂತ ಸುಮಾರು 996 ಕೋಟಿ ಡಾಲರ್ ಇಟ್ಟಿದ್ದರು. ಒಂದು ರಾಜ್ಯಕ್ಕೆ ಕನಿಷ್ಠ 5 ಕೋಟಿ. ನಮಗೆ ಬಂದದ್ದು ಆ ಕನಿಷ್ಠ ಮೊತ್ತವೇ. ಆಡಳಿತದ ಖರ್ಚಿಗೆ ಹೆಚ್ಚೆಂದರೆ ಶೇ. 15 ತೆಗೆಯಬಹುದಿತ್ತು. ಅಷ್ಟೂ ತೆಗೆದರೆ ಉಳಿಯುವುದು 4.25 ಕೋಟಿ. ಒಂದು ಮನೆಗೆ ಗರಿಷ್ಠ 25,000 ಡಾಲರ್ ಅಂತ ಇಟ್ಟು, ಎಲ್ಲರಿಗೂ ಅಷ್ಟೂ ಬೇಕಾದರೆ 1,700 ಮನೆಗೆ ಹಣ ಮುಗಿಯಿತು. ಸರಾಸರಿ ಅದರ ಅರ್ಧಕ್ಕೆ ನಿಂತರೆ 3,400 ಮನೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಅಳಿಸದೆ ಬಿಟ್ಟಿದ್ದೆ. ದಿನಾ ಕಣ್ಣಿಗೆ ಬೀಳಲಿ ಅಂತ.

ನಿಯಮಗಳು ಕಷ್ಟದವೇನೂ ಆಗಿರಲಿಲ್ಲ. ಅರ್ಜಿ ಹಾಕಿದವರೇ ವಾಸ ಮಾಡುವ ಮನೆ ಆಗಿರಬೇಕಿತ್ತು. ಕೋವಿಡ್‌ನಿಂದ ಬಂದ ಹಣದ ತೊಂದರೆ 2020ರ ಜನವರಿ 21ರ ನಂತರದ್ದಾಗಿರಬೇಕಿತ್ತು, ಇಲ್ಲವೇ ಮೊದಲೇ ಶುರುವಾಗಿ ಆಮೇಲೂ ಮುಂದುವರಿದಿರಬೇಕಿತ್ತು. ಆದಾಯಕ್ಕೆ ಒಂದು ಮಿತಿ ಇತ್ತು. ಹಣದ ಶೇ. 60ರಷ್ಟಾದರೂ ಕಡಿಮೆ ಆದಾಯದವರಿಗೆ ಹೋಗಬೇಕಿತ್ತು. ಯೋಜನೆಗೆ ಒಂದು ನಮೂನೆಯನ್ನೂ ಕೊಟ್ಟಿದ್ದರು: ಅಗತ್ಯ ಏನು, ಕಾರ್ಯಕ್ರಮ ಹೇಗಿರುತ್ತದೆ, ಗುರಿ ಏನು, ಸಿದ್ಧತೆ ಎಷ್ಟಿದೆ, ಬಜೆಟ್ ಎಷ್ಟು. ನಾವೂ ಮೇಲಿನಿಂದ ಕೆಳಕ್ಕೆ ತುಂಬುತ್ತಾ ಹೋದೆವು. ಮೇ ತಿಂಗಳ ಹೊತ್ತಿಗೆ ನಲವತ್ತು ಪುಟ ಆಗಿತ್ತು.

ಆಗ ಒಂದು ಫೋನ್ ಬಂತು. ಮನೆಸಾಲದ ತೊಂದರೆಯಲ್ಲಿ ಇರುವವರಿಗೆ ದಾರಿ ಹೇಳುವ ವಸತಿ ಸಲಹೆಗಾರರ ಜೊತೆ ಮಾತಾಡುತ್ತಿದ್ದಾಗ ಅವರಲ್ಲಿ ಒಬ್ಬರು, "ನನ್ನ ಎದುರಿಗೇ ಒಬ್ಬರು ಕೂತಿದ್ದಾರೆ, ಅವರ ಜೊತೆಗೇ ಮಾತಾಡಿ" ಅಂದು ಫೋನ್ ಕೊಟ್ಟರು. ಆಕೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಶಾಲೆ ಮುಚ್ಚಿದ ಮೇಲೆ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. ಅವರ ಸಾಲಕ್ಕೆ ಸರ್ಕಾರಿ ಖಾತರಿಯೂ ಇರಲಿಲ್ಲ. ಆಗ ಕೇಂದ್ರ ಸರ್ಕಾರ ಹೇರಿದ್ದ ಹರಾಜು ತಡೆ ಅನ್ವಯಿಸುತ್ತಿದ್ದದ್ದು ಸರ್ಕಾರಿ ಬೆಂಬಲದ ಸಾಲಗಳಿಗೆ ಮಾತ್ರ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮುಂದಿನ ತಿಂಗಳು 22ಕ್ಕೆ ನನ್ನ ಮನೆ ಹರಾಜು. ನಿಮ್ಮ ಹಣ ಯಾವತ್ತು ಬರುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನಲವತ್ತು ಪುಟದಲ್ಲಿ ಎಲ್ಲ ಇತ್ತು, ಅರ್ಜಿ ಹಾಕಿದ ಎಷ್ಟು ದಿನಕ್ಕೆ ಹಣ ಮುಟ್ಟುತ್ತದೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಅವರ ಮನೆಗೆ ನಮ್ಮ ಹಣ ಮುಟ್ಟಲಿಲ್ಲ. ಹರಾಜಿಗೆ ಮುಂಚೆ ಅವರೇ ಮನೆ ಮಾರಿ, ಕೈಗೆ ಸ್ವಲ್ಪ ಹಣ ಉಳಿಸಿಕೊಂಡು ಬಾಡಿಗೆ ಮನೆಗೆ ಹೋದರು. ಇವತ್ತಿಗೂ ಆ ದನಿ ನನ್ನ ಕಿವಿಯಲ್ಲಿದೆ.

ಮಾರನೆಯ ದಿನ ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಒಂದು ಗೆರೆ ಎಳೆದೆವು. ಒಂದು ತುದಿಯಲ್ಲಿ ಮೊದಲ ಕಂತು ತಪ್ಪಿದ ದಿನ, ಇನ್ನೊಂದು ತುದಿಯಲ್ಲಿ ಹರಾಜು. ನಡುವೆ ಕಾನೂನು ಹೇಳುವ ದಿನಗಳು. 36ನೇ ದಿನದೊಳಗೆ ಕಂತು ವಸೂಲಿ ಮಾಡುವ ಕಂಪನಿ, ಅಂದರೆ ಸರ್ವಿಸರ್, ಮನೆಯವರ ಜೊತೆ ನೇರವಾಗಿ ಮಾತಾಡಲು ಪ್ರಯತ್ನಿಸಬೇಕು. 45ನೇ ದಿನದೊಳಗೆ ಪತ್ರ ಕಳಿಸಬೇಕು. ಬಾಕಿ 120 ದಿನ ದಾಟುವವರೆಗೆ ಸಾಮಾನ್ಯವಾಗಿ ಕೇಸು ಹಾಕುವ ಹಾಗಿಲ್ಲ. ಆಮೇಲೆ ಸಮನ್ಸ್, ತೀರ್ಪು, ಹರಾಜಿನ ತಾರೀಕು. ಇನ್ನೊಂದು ದಿನವನ್ನು ಕೆಂಪು ಪೆನ್ನಿನಲ್ಲಿ ಬರೆದೆವು: ಹರಾಜಿಗೆ 37 ದಿನ. ಸಾಲ ಸರಿಪಡಿಸಿಕೊಡಿ ಅಂತ ಸರ್ವಿಸರ್‌ಗೆ ಪೂರ್ತಿ ಅರ್ಜಿ 37 ದಿನಕ್ಕಿಂತ ಮುಂಚೆ ಮುಟ್ಟಿದರೆ, ಅದನ್ನು ಪರಿಶೀಲಿಸಿ ಮುಗಿಸುವ ತನಕ ಅವರು ತೀರ್ಪು ಕೇಳುವ ಹಾಗಿಲ್ಲ, ಮನೆ ಹರಾಜು ಹಾಕುವ ಹಾಗೂ ಇಲ್ಲ. ನಮ್ಮ ಹತ್ತಿರ ಅರ್ಜಿ ಹಾಕಿದ್ದಕ್ಕೆ ಈ ರಕ್ಷಣೆ ಇಲ್ಲ. ಎರಡೂ ಬೇರೆ ಬೇರೆ ಅರ್ಜಿ ಅನ್ನುವುದು ಜನರಿಗೆ ಗೊತ್ತಿರಲಿಲ್ಲ. ನಮ್ಮಲ್ಲೇ ಕೆಲವರಿಗೆ ಗೊತ್ತಿರಲಿಲ್ಲ.

ಅದೇ ಗೆರೆಯ ಕೆಳಗೆ ನಮ್ಮ ದಿನಗಳನ್ನು ಬರೆದೆವು. ಕಾಗದಪತ್ರ ತರಲು ಇಷ್ಟು, ಪರಿಶೀಲನೆಗೆ ಇಷ್ಟು, ಸರ್ವಿಸರ್ ಉತ್ತರಕ್ಕೆ ಇಷ್ಟು, ಚೆಕ್ಕಿಗೆ ಇಷ್ಟು. ಕೂಡಿದಾಗ 74 ದಿನ ಬಂತು. ಅಂದರೆ ಹರಾಜಿಗೆ ಎರಡು ತಿಂಗಳಿದ್ದಾಗ ಬಂದವರಿಗೆ ನಾವು ಅರ್ಜಿ ನಂಬರ್ ಮಾತ್ರ ಕೊಡಬಲ್ಲೆವು, ಹಣವನ್ನಲ್ಲ. ಅಲ್ಲಿಂದ ಇಡೀ ಯೋಜನೆಯನ್ನು ತಿರುಗಿ ಬರೆದೆವು.

ಅರ್ಜಿಯ ಮೊದಲ ಪ್ರಶ್ನೆ ಹೆಸರಲ್ಲ, ಆದಾಯವೂ ಅಲ್ಲ. "ಹರಾಜಿನ ತಾರೀಕು ಬಂದಿದೆಯಾ? ಕೋರ್ಟಿನಿಂದ ಕಾಗದ ಬಂದಿದೆಯಾ?" ಹೌದು ಅಂದವರು ಬೇರೆ ಸಾಲಿಗೆ. ಆ ದಿನವೇ ಒಬ್ಬ ಸಲಹೆಗಾರರು ಅವರಿಗೆ ಫೋನ್ ಮಾಡಬೇಕು. 37 ದಿನಕ್ಕಿಂತ ಜಾಸ್ತಿ ಇದ್ದರೆ ಮೊದಲು ಸರ್ವಿಸರ್ ಅರ್ಜಿ ತುಂಬಿಸಬೇಕು. ಕಡಿಮೆ ಇದ್ದರೆ ನೇರ ವಕೀಲರ ಹತ್ತಿರ. ಸಲಹೆ ಮತ್ತು ಕಾನೂನು ನೆರವಿಗೆ ಒಟ್ಟು ಹಣದ ಶೇ. 5ರವರೆಗೆ ಖರ್ಚು ಮಾಡಲು ಅವಕಾಶವಿತ್ತು. ಅಷ್ಟನ್ನೂ ಇಟ್ಟೆವು. ಆ ಹಣ ಮನೆಗಳಿಗೇ ಹೋಗಲಿ ಅಂತ ವಾದ ಮಾಡಿದವರೂ ಇದ್ದರು. ನಾನು ಒಪ್ಪಲಿಲ್ಲ. ವಕೀಲರೊಬ್ಬರು ಕೋರ್ಟಿನಲ್ಲಿ ಒಂದು ತಿಂಗಳು ಮುಂದೂಡಿಸಿಕೊಟ್ಟರೆ, ಆ ತಿಂಗಳಿನಿಂದಲೇ ನಮ್ಮ ಹಣಕ್ಕೆ ಬೆಲೆ ಬರುವುದು.

ಇದಕ್ಕೆ ಹಿಂದಿನ ಉದಾಹರಣೆಯೂ ಕಣ್ಣ ಮುಂದೆ ಇತ್ತು. 2010ರಲ್ಲಿ ಹಾರ್ಡೆಸ್ಟ್ ಹಿಟ್ ಫಂಡ್ ಅಂತ 18 ರಾಜ್ಯಗಳಿಗೂ ವಾಷಿಂಗ್ಟನ್ ಡಿ.ಸಿ.ಗೂ 760 ಕೋಟಿ ಡಾಲರ್ ಕೊಟ್ಟಿದ್ದರು. 2011ರ ಕೊನೆಗೆ ಅದರಲ್ಲಿ ಮನೆಯವರಿಗೆ ತಲುಪಿದ್ದು ಸುಮಾರು ಶೇ. 3 ಮಾತ್ರ. ದೊಡ್ಡ ಸರ್ವಿಸರ್‌ಗಳು ಒಪ್ಪಂದಕ್ಕೆ ಬರಲು ತಡ ಮಾಡಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಹಾಗಾಗಿ ನಾವು ಅರ್ಜಿ ತೆರೆಯುವ ಮುಂಚೆಯೇ ಸರ್ವಿಸರ್‌ಗಳ ಜೊತೆ ಸಹಿ ಮುಗಿಸಬೇಕು ಅಂತ ಯೋಜನೆಯಲ್ಲೇ ಬರೆದೆವು. ಎಲ್ಲರೂ ಒಂದೇ ನಮೂನೆಯ ಕಡತದಲ್ಲಿ ಮಾಹಿತಿ ಕಳಿಸುವ ಏರ್ಪಾಡು ಇತ್ತು, ಕಾಮನ್ ಡೇಟಾ ಫೈಲ್ ಅಂತ. ಅದನ್ನೇ ಹಿಡಿದೆವು. ನಮ್ಮದೇ ಹೊಸ ನಮೂನೆ ಮಾಡಲು ಹೋಗಲಿಲ್ಲ.

ಇನ್ನು ಯಾರಿಗೆ ಕೊಡಬೇಕು ಅನ್ನುವ ಭಾಗ. ಇಲ್ಲಿ ನಾನು ಅತಿ ಹೆಚ್ಚು ದಿನ ಕಳೆದೆ. ಕಂತು ಬಾಕಿ ಇರುವವರ ಪಟ್ಟಿ ಸುಲಭವಾಗಿ ಸಿಗುತ್ತದೆ: ಸರ್ವಿಸರ್‌ಗಳ ಹತ್ತಿರ ಪಿನ್‌ಕೋಡ್ ಪ್ರಕಾರ ಇದೆ, ಕೋರ್ಟಿನಲ್ಲಿ ಹೊಸ ಕೇಸುಗಳ ಲೆಕ್ಕ ಇದೆ. ಆದರೆ ಬ್ಯಾಂಕ್ ಸಾಲವೇ ಇಲ್ಲದೆ ಮನೆ ಕಳೆದುಕೊಳ್ಳುವವರು? ಸಾಲ ಎಂದೋ ತೀರಿಸಿ, ಈಗ ಪಿಂಚಣಿಯಲ್ಲಿ ಮನೆ ತೆರಿಗೆ ಕಟ್ಟಲಾಗದ ವಯಸ್ಸಾದವರಿದ್ದಾರೆ. ತೆರಿಗೆ ಬಾಕಿಗೂ ಮನೆ ಹೋಗುತ್ತದೆ. ರಿವರ್ಸ್ ಮಾರ್ಟ್‌ಗೇಜ್, ಅಂದರೆ ವಯಸ್ಸಾದವರು ಸ್ವಂತ ಮನೆಯ ಮೇಲೆ ಹಣ ಪಡೆಯುವ ಸಾಲ, ತೆಗೆದುಕೊಂಡವರಿಗೆ ಕಂತಿಲ್ಲ, ಆದರೆ ತೆರಿಗೆ, ವಿಮೆ ತಪ್ಪಿದರೆ ಅವರದ್ದೂ ಹರಾಜಿಗೆ ಬರುತ್ತದೆ. ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮನೆಗಳಲ್ಲಿ ಇರುವವರ ಸಾಲ ಎಷ್ಟೋ ಸಲ ವಾಹನ ಸಾಲದ ಥರ. ಮನೆಸಾಲದ ಪಟ್ಟಿಯಲ್ಲಿ ಅವರು ಸಿಗುವುದೇ ಇಲ್ಲ. ಮಾರಿದವರಿಗೇ ಕಂತು ಕಟ್ಟುತ್ತಾ, ಕೊನೆಯ ಕಂತಿನ ತನಕ ಮನೆಯ ಪತ್ರ ಕೈಗೆ ಬರದ ಕರಾರಿನವರೂ ಇದ್ದಾರೆ.

ಇವರನ್ನು ಹುಡುಕಲು ನಾನು ಕೌಂಟಿ, ಅಂದರೆ ಇಲ್ಲಿನ ಜಿಲ್ಲೆಗಳ ಖಜಾನೆಗಳಿಗೆ ಹೋಗಿ ತೆರಿಗೆ ಬಾಕಿ ಪಟ್ಟಿ ತಂದೆ. ಒಂದು ಕೌಂಟಿಯಲ್ಲಿ ಅದು ಇನ್ನೂ ದಪ್ಪ ರಟ್ಟಿನ ಪುಸ್ತಕದಲ್ಲಿತ್ತು. ಪುಟ ತಿರುಗಿಸುತ್ತಿದ್ದ ಹಾಗೆ ಒಂದು ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ "ತೀರಿಕೊಂಡಿದ್ದಾರೆ, ಮಗಳು ಇದ್ದಾಳೆ" ಅಂತ ಬರೆದಿತ್ತು. ಆ ಮಗಳು ಹತ್ತು ವರ್ಷದಿಂದ ಅದೇ ಮನೆಯಲ್ಲಿ ಇದ್ದು, ತಾಯಿಯ ಹೆಸರಲ್ಲೇ ತೆರಿಗೆ ಕಟ್ಟುತ್ತಾ ಬಂದಿದ್ದಳು. ಮನೆಯ ಪತ್ರ ಅವಳ ಹೆಸರಿಗೆ ಆಗಿರಲಿಲ್ಲ. ನಮ್ಮ ಮೊದಲ ಕರಡಿನ ಪ್ರಕಾರ ಅವಳಿಗೆ ಒಂದು ಡಾಲರ್ ಕೂಡ ಕೊಡುವ ಹಾಗಿರಲಿಲ್ಲ. ಮರಣ ಪತ್ರ, ಸಂಬಂಧದ ದಾಖಲೆ, ಆ ವಿಳಾಸದ ಒಂದು ಬಿಲ್ ಇದ್ದರೆ ವಾರಸುದಾರರು ಅರ್ಜಿ ಹಾಕಬಹುದು ಅಂತ ಆಮೇಲೆ ಸೇರಿಸಿದೆವು.

ಪ್ರಾಯೋಗಿಕವಾಗಿ ಶುರು ಮಾಡಲು ನಮ್ಮ ಪಾಲಿನ ಶೇ. 10 ಹಣ ಮೊದಲೇ ಬಂದಿತ್ತು. ಆ ಮೊದಲ ಸುತ್ತಿನಲ್ಲಿ ನಾವು 11 ಕಾಗದ ಕೇಳಿದೆವು. ತಪ್ಪು ಮಾಡಿದೆವು. ಒಂದು ಸಂಜೆ ಲೈಬ್ರರಿಯಲ್ಲಿ ಅರ್ಜಿ ತುಂಬಿಸಲು ಕೂತಿದ್ದೆ. ಟ್ರಕ್ ಓಡಿಸುವ ಒಬ್ಬರು ಸಂಬಳದ ಚೀಟಿಯ ಫೋಟೋ ತೆಗೆದು ಹಾಕಿದರು. ಕಡತ ದೊಡ್ಡದಾಯಿತು ಅಂತ ವಾಪಸ್ ಬಂತು. ಇನ್ನೊಂದು ಸಲ, ಮತ್ತೊಂದು ಸಲ. ಮೂರನೇ ಸಲ ಅವರು ಏನೂ ಅನ್ನದೆ ಫೋನನ್ನು ಜೇಬಿಗಿಟ್ಟು, ಕಾಗದಗಳನ್ನು ಮಡಚಿ ಎದ್ದರು. ಹಿಂದೆಯೇ ಹೋಗಿ ಕರೆದುಕೊಂಡು ಬಂದು ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟೆ. ಹಾಗೆ ಎದ್ದು ಹೋದವರು ಇನ್ನೆಷ್ಟು ಜನವೋ! ಖಜಾನೆ ಇಲಾಖೆಯ ನಿಯಮದಲ್ಲಿ ಆದಾಯವನ್ನು ಸಹಿ ಮಾಡಿ ಹೇಳಿದರೆ, ಆ ಬಡಾವಣೆಯ ಸರಾಸರಿ ಆದಾಯದಂಥ ಇನ್ನೊಂದು ಆಧಾರದ ಜೊತೆ ಹೊಂದಿಸಿ ಒಪ್ಪುವ ದಾರಿ ಮೊದಲಿನಿಂದಲೂ ಇತ್ತು. ನಾವೇ ಹೆದರಿ ಬಳಸಿರಲಿಲ್ಲ. 11ರಿಂದ 4ಕ್ಕೆ ಇಳಿಸಿದೆವು: ಗುರುತಿನ ಚೀಟಿ, ಮನೆ ಅವರದ್ದು ಅನ್ನುವುದಕ್ಕೆ ಒಂದು ದಾಖಲೆ, ಬಾಕಿಯ ಪತ್ರ, ಆದಾಯ. ತೊಂದರೆ ಏನಾಯಿತು ಅನ್ನುವುದಕ್ಕೆ ಅವರ ಸಹಿಯ ಹೇಳಿಕೆ ಸಾಕು.

ಇನ್ನೊಂದು ಪೆಟ್ಟು ಬಿದ್ದದ್ದು ಚೆಕ್ಕಿನಿಂದ. ಒಂದು ಮನೆಯ ಬಾಕಿ 14,906 ಡಾಲರ್ ಅಂತ ಸರ್ವಿಸರ್ ಬರೆದುಕೊಟ್ಟಿತ್ತು. ಆ ಮೊತ್ತ ತಿಂಗಳ 15ರವರೆಗೆ ಮಾತ್ರ ಸರಿ. ನಮ್ಮ ಚೆಕ್ಕು ಮುಟ್ಟಿದ್ದು 18ಕ್ಕೆ. ಅಷ್ಟರಲ್ಲಿ ಒಂದು ಶುಲ್ಕ ಸೇರಿ 212 ಡಾಲರ್ ಕಡಿಮೆ ಬಿತ್ತು. ಅವರು 212 ಕೊಡಿ ಅನ್ನಲಿಲ್ಲ. ಪೂರ್ತಿ ಬಾಕಿ ಬಂದಿಲ್ಲ ಅಂತ ಇಡೀ ಚೆಕ್ಕನ್ನೇ ವಾಪಸ್ ಕಳಿಸಿದರು. ಸಲಹೆಗಾರರು ಗಮನಿಸಿ ವಕೀಲರಿಗೆ ಹೇಳದಿದ್ದರೆ ಆ ಮನೆ ಹರಾಜಾಗಿರುತ್ತಿತ್ತು. ಆಮೇಲೆ ನಿಯಮ ಬದಲಿಸಿದೆವು. ಸರ್ವಿಸರ್ ಕೊಡುವ ಮೊತ್ತ ಕನಿಷ್ಠ 30 ದಿನ ನಿಲ್ಲಬೇಕು. ಅದರ ಮೇಲೆ ನಾವು ಸ್ವಲ್ಪ ಜಾಸ್ತಿ ಕಳಿಸುತ್ತೇವೆ, ಉಳಿದರೆ ಮುಂದಿನ ಕಂತಿಗೆ ಹಾಕಿಕೊಳ್ಳಬೇಕು. ಚೆಕ್ ಬೇಡ, ನೇರ ಖಾತೆಗೆ.

ಬಾಕಿ ತೀರಿಸಿದ ಮೇಲೆ ಮುಂದಿನ ಕಂತು ಕಟ್ಟಲು ಆಗುತ್ತಾ ಅನ್ನುವುದು ಬೇರೆಯೇ ಪ್ರಶ್ನೆ. ಎಫ್‌ಎಚ್‌ಎ ಸಾಲ, ಅಂದರೆ ಕೇಂದ್ರ ಸರ್ಕಾರದ ವಸತಿ ಸಂಸ್ಥೆಯ ಖಾತರಿ ಇರುವ ಸಾಲವಾದರೆ ಬಾಕಿಯನ್ನು ಬಡ್ಡಿಯಿಲ್ಲದ ಎರಡನೇ ಸಾಲವಾಗಿ ಕೊನೆಗೆ ತಳ್ಳುವ ಅನುಕೂಲ ಇದೆ. ಅದು ಸಿಗುವವರಿಗೆ ನಮ್ಮ ಹಣವನ್ನು ಸುಮ್ನೆ ಖರ್ಚು ಮಾಡುವುದು ಬೇಡ, ಅಲ್ವಾ? ಹಾಗಂತ ಅದನ್ನು ಕಡ್ಡಾಯ ಮಾಡಿದರೆ ಸರ್ವಿಸರ್ ಉತ್ತರಕ್ಕೆ ಕಾಯುತ್ತಲೇ ದಿನ ಕಳೆದುಹೋಗುತ್ತದೆ. ನಾವು ಒಂದು ಗಡಿ ಹಾಕಿದೆವು: 30 ದಿನ ಕಾಯುವುದು, ಉತ್ತರ ಬರದಿದ್ದರೆ ನಮ್ಮ ಹಣ ಕೊಡುವುದು. ಕಂತು ಆದಾಯಕ್ಕಿಂತ ತೀರಾ ಭಾರ ಅನ್ನಿಸಿದಲ್ಲಿ ಸಲಹೆಗಾರರು ಮನೆಯವರ ಜೊತೆ ಕೂತು ಮಾರುವ ವಿಷಯವನ್ನೂ ಮಾತಾಡಬೇಕು ಅಂತ ಬರೆದೆವು. ಇದು ಕಷ್ಟದ ಮಾತು. ಹರಾಜಿನಲ್ಲಿ ಕಳೆದುಕೊಳ್ಳುವುದಕ್ಕಿಂತ ತಾವೇ ಮಾರಿ ಕೈಯಲ್ಲಿ ಒಂದಿಷ್ಟು ಹಣ ಹಿಡಿದು ಹೊರಡುವುದು ಮೇಲು ಅಂತ ನನಗೆ ಕಲಿಸಿದ್ದು ಮೇ ತಿಂಗಳ ಆ ಫೋನ್.

ಮುಗಿಸುವುದನ್ನೂ ಮೊದಲೇ ಬರೆದಿಟ್ಟದ್ದು ಒಳ್ಳೆಯದಾಯಿತು. ಈ ನಿಧಿಯ ಕಾಲಾವಧಿ 2026ರ ಸೆಪ್ಟೆಂಬರ್ 30ರವರೆಗೆ ಇದ್ದರೂ ನಮ್ಮ ಹಣ ಬಹಳ ಮುಂಚೆಯೇ ಮುಗಿಯುತ್ತದೆ ಅಂತ ಬೋರ್ಡಿನ ಲೆಕ್ಕ ಹೇಳುತ್ತಿತ್ತು. ಕೈಯಲ್ಲಿರುವ ಅರ್ಜಿಗಳಿಗೆ ಬೇಕಾದಷ್ಟು ಹಣವನ್ನು ತೆಗೆದಿಟ್ಟು, 30 ದಿನ ಮುಂಚೆ ತಿಳಿಸಿ ಬಾಗಿಲು ಹಾಕಿದೆವು. ಹರಾಜಿನ ತಾರೀಕು ಇದ್ದವರಿಗಾಗಿ ಮಾತ್ರ ಒಂದು ಸಣ್ಣ ಮೊತ್ತ ಉಳಿಸಿಕೊಂಡೆವು. ಅಷ್ಟು ಹೊತ್ತಿಗೆ ನಮ್ಮ 74 ದಿನ 41ಕ್ಕೆ ಬಂದಿತ್ತು. ತುರ್ತು ಸಾಲಿನಲ್ಲಿ 16. ಗೋಡೆಯ ಆ ಕಾಗದವನ್ನು ನಾನು ಬಿಸಾಡಲಿಲ್ಲ, ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಮುಂದಿನ ಸಲ ಇಂಥ ಹಣ ಬಂದಾಗ ಯೋಜನೆ ಬರೆಯಲು ಕೂರುವವರು ಮೊದಲು ಅದನ್ನು ಬಿಚ್ಚಿ ಗೋಡೆಗೆ ಅಂಟಿಸಲಿ.